ಮುದ್ರೆಯ ಅವಧಿ ಮುಗಿದರೆ ದಾನವೂ ಮುಗಿಯಬೇಕೆ?

ತಾಮ್ರಶಾಸನಗಳನ್ನು ಅಭ್ಯಸಿಸಿದವರಿಗೆ ಅವುಗಳ ಬಳೆಯ ಮಹತ್ವ ತಿಳಿದಿರುತ್ತದೆ. ಪಟಗಳ ರಂಧ್ರದಲ್ಲಿ ಬಳೆಯೊಂದನ್ನು ತೂರಿಸಿ, ಅದರ ತುದಿಗಳನ್ನು ರಾಜಮುದ್ರೆಯಲ್ಲಿ ಬೆಸೆಯುತ್ತಿದ್ದರು. ಬಳೆಯನ್ನು ಕತ್ತರಿಸದೆ ಒಂದು ಪಟವನ್ನು ತೆಗೆಯುವುದಾಗಲಿ ಸೇರಿಸುವುದಾಗಲಿ ಸಾಧ್ಯವಿರಲಿಲ್ಲ. ಶಾಸನ ಯಾರದು, ಅದು ಬರೆದಂತೆಯೇ ಉಳಿದಿದೆಯೆ ಎಂಬ ಎರಡು ಪ್ರಶ್ನೆಗಳಿಗೂ ಆ ಮುದ್ರೆಯೇ ಉತ್ತರವಾಗಿತ್ತು.

ಇಂದಿನ ಬ್ರೌಸರ್ ಎಕ್ಸ್‌ಟೆನ್ಷನ್‌ಗಳ ಡಿಜಿಟಲ್ ಸಹಿ ಮಾಡುವುದೂ ಇದೇ ಕೆಲಸವನ್ನು. ಜಾಹೀರಾತು ತಡೆಯುವ, ಪಾಸ್‌ವರ್ಡ್ ನೆನಪಿಡುವ, ಕಾಗುಣಿತ ತಿದ್ದುವ ಈ ಕಿರು ತಂತ್ರಾಂಶಗಳಲ್ಲಿ ಹಲವಕ್ಕೆ ಬಳಕೆದಾರ ತೆರೆಯುವ ಪ್ರತಿಯೊಂದು ಪುಟವನ್ನೂ ಓದುವ ಅಧಿಕಾರವಿರುತ್ತದೆ. ಆದ್ದರಿಂದ ಅವುಗಳ ಕಡತಗಳಿಂದ ಗಣಿತದ ಮೂಲಕ ಒಂದು ಬೆರಳಚ್ಚನ್ನು ಪಡೆದು, ಅದಕ್ಕೆ ಗುಪ್ತ ಕೀಲಿಯಿಂದ ಸಹಿ ಹಾಕಲಾಗುತ್ತದೆ. ಒಂದಕ್ಷರ ಬದಲಾದರೂ ಸಹಿ ತಾಳೆಯಾಗದು. ಬ್ರೌಸರ್ ಅದನ್ನು ಒಳಗೆ ಬಿಡದು.

ಫೈರ್‌ಫಾಕ್ಸ್ ಬ್ರೌಸರಿನ ಮೊಜಿಲ್ಲಾ ಸಂಸ್ಥೆಯು ಈ ಸಹಿಯನ್ನು ಕಡ್ಡಾಯಗೊಳಿಸುವುದಾಗಿ 2015ರಲ್ಲಿ ಪ್ರಕಟಿಸಿತು. ಬಳಕೆದಾರರ ಅರಿವಿಗೆ ಬಾರದಂತೆ ನುಸುಳಿ, ಮುಖಪುಟವನ್ನು ಬದಲಿಸುವ, ಜಾಹೀರಾತು ತುರುಕುವ ಎಕ್ಸ್‌ಟೆನ್ಷನ್‌ಗಳ ಹಾವಳಿಯೇ ಅದಕ್ಕೆ ಕಾರಣ. 2016ರ ಆಗಸ್ಟ್‌ನಲ್ಲಿ ಬಂದ 48ನೆಯ ಆವೃತ್ತಿಯಿಂದ ಸಾಮಾನ್ಯ ಬಳಕೆದಾರನಿಗೆ ಈ ನಿಯಮವನ್ನು ಸಡಿಲಿಸುವ ಅವಕಾಶವೇ ಇಲ್ಲವಾಯಿತು. ಉದ್ದೇಶ ಒಳ್ಳೆಯದೇ. ಆದರೆ ಮುದ್ರೆ ಹಿಡಿದವನೇ ಎಡವಿದರೆ ಏನಾಗಬೇಕು ಎಂಬುದನ್ನು ಆ ವ್ಯವಸ್ಥೆ ಸಾಕಷ್ಟು ಯೋಚಿಸಿರಲಿಲ್ಲ.

2019ರ ಮೇ 4ರಂದು ಆ ಎಡವಟ್ಟು ಸಂಭವಿಸಿತು. ಸಹಿಗಳ ಸರಪಳಿಯ ನಡುವಿನ ಒಂದು ಪ್ರಮಾಣಪತ್ರದ ಅವಧಿ ಮುಗಿದಿತ್ತು; ಅದನ್ನು ಸಕಾಲದಲ್ಲಿ ನವೀಕರಿಸಿರಲಿಲ್ಲ. ಭಾರತದಲ್ಲಿ ಆಗ ಬೆಳಗಿನ ಹೊತ್ತು. ಫೈರ್‌ಫಾಕ್ಸ್ ಸುಮಾರು 24 ಗಂಟೆಗೊಮ್ಮೆ ಸಹಿಯನ್ನು ಪರೀಕ್ಷಿಸುತ್ತಿದ್ದುದರಿಂದ, ಜಗತ್ತಿನಾದ್ಯಂತ ಒಬ್ಬರ ನಂತರ ಒಬ್ಬರ ಎಕ್ಸ್‌ಟೆನ್ಷನ್‌ಗಳು ಸ್ಥಗಿತಗೊಂಡವು. ಅವುಗಳ ಒಂದಕ್ಷರವೂ ಬದಲಾಗಿರಲಿಲ್ಲ. ಗೋಪ್ಯತೆಗಾಗಿ ಟಾರ್ ಬ್ರೌಸರನ್ನು ನೆಚ್ಚಿದವರ ರಕ್ಷಣೆಗಿದ್ದ ನೋಸ್ಕ್ರಿಪ್ಟ್ ಕೂಡ ನಿಂತುಹೋಯಿತು. ರಕ್ಷಿಸಲೆಂದು ಇಟ್ಟ ಕಾವಲೇ ರಕ್ಷಣೆಯನ್ನು ಕಳಚಿತು. ಮರುದಿನ 66.0.4 ಆವೃತ್ತಿಯನ್ನು ಹೊರತಂದು ಸಂಸ್ಥೆಯು ಸರಪಳಿಯನ್ನು ದುರಸ್ತಿಗೊಳಿಸಿತು.

ಇಲ್ಲಿ ಎತ್ತಬೇಕಾದ ಪ್ರಶ್ನೆ ಮರೆವಿನದಲ್ಲ, ನಿಯಮದ್ದು. ಅರಸನ ಆಳ್ವಿಕೆ ಮುಗಿದೊಡನೆ ಅವನಿತ್ತ ದಾನ ರದ್ದಾಗುತ್ತಿರಲಿಲ್ಲ. ಅದು ಆಚಂದ್ರಾರ್ಕವಾಗಿ ನಡೆಯಲೆಂಬುದೇ ಶಾಸನದ ಆಶಯ. ಅವಧಿ ಮುಗಿದ ಪ್ರಮಾಣಪತ್ರವು ಹೊಸ ಸಹಿ ಹಾಕುವ ಅಧಿಕಾರವನ್ನು ಕಳೆದುಕೊಳ್ಳಲಿ. ಅವಧಿಯೊಳಗೆ ಹಾಕಿದ ಸಹಿ ಏಕೆ ಸಾಯಬೇಕು? ಇದು ಅಸಾಧ್ಯವಾದ ಬೇಡಿಕೆಯಲ್ಲ. ವಿಂಡೋಸ್ ತಂತ್ರಾಂಶಗಳಲ್ಲಿ ಸಹಿಯೊಂದಿಗೆ ಕಾಲಮುದ್ರೆಯನ್ನೂ ಒತ್ತುವ ಪದ್ಧತಿಯಿದೆ. ಪ್ರಮಾಣಪತ್ರ ಮುಗಿದ ಮೇಲೂ ಹಳೆಯ ಸಹಿ ಮಾನ್ಯವಾಗಿ ಉಳಿಯುತ್ತದೆ. ಕಳ್ಳನೊಬ್ಬ ಹಳೆಯ ದಿನಾಂಕ ಹಾಕಬಹುದಲ್ಲ ಎಂಬ ಆಕ್ಷೇಪಕ್ಕೂ ಅಲ್ಲಿ ಉತ್ತರವಿದೆ: ಕಾಲಮುದ್ರೆಯನ್ನು ಒತ್ತುವವರು ಸಹಿ ಮಾಡುವವರಲ್ಲ, ಪ್ರತ್ಯೇಕ ಸಂಸ್ಥೆಯವರು.

ಎರಡನೆಯ ಮಾತು ಗಣಕದ ಒಡೆಯನ ಹಕ್ಕಿನದು. ಸಡಿಲಿಕೆಗೆ ಅವಕಾಶವಿತ್ತರೆ ದುಷ್ಟ ತಂತ್ರಾಂಶಗಳೂ ಅದನ್ನೇ ಬಳಸಿಕೊಳ್ಳುತ್ತವೆ ಎಂಬ ವಾದ ನಿರ್ಲಕ್ಷಿಸುವಂಥದ್ದಲ್ಲ. ಆದರೂ ಫೈರ್‌ಫಾಕ್ಸಿನ ಡೆವಲಪರ್ ಆವೃತ್ತಿಯಲ್ಲೂ, ಸಂಸ್ಥೆಗಳಿಗಾಗಿ ಇರುವ ದೀರ್ಘಾವಧಿ ಆವೃತ್ತಿಯಲ್ಲೂ ಆ ಅವಕಾಶವನ್ನು ಉಳಿಸಲಾಗಿದೆ. ಟಾರ್ ಬ್ರೌಸರ್ ಈ ದೀರ್ಘಾವಧಿ ಆವೃತ್ತಿಯ ಮೇಲೆಯೇ ನಿಂತಿರುವುದರಿಂದ, 2019ರಲ್ಲಿ ಅದರ ಬಳಕೆದಾರರು ಸಹಿಪರೀಕ್ಷೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ ನೋಸ್ಕ್ರಿಪ್ಟನ್ನು ಮರಳಿ ಪಡೆಯಬಹುದಾಗಿತ್ತು. ಸಾಮಾನ್ಯ ಆವೃತ್ತಿಯವರಿಗೆ ಕಾಯುವುದಷ್ಟೇ ಉಳಿದಿತ್ತು. ಕಠಿಣ ಎಚ್ಚರಿಕೆಯೊಂದಿಗಾದರೂ ಅಂಥ ಒಂದು ಬಾಗಿಲು ಎಲ್ಲರಿಗೂ ಇರಬೇಕು.

ಹಾಗೆಂದು ಸಹಿಯೇ ಬೇಡವೆನ್ನುವುದು ಅವಿವೇಕ; ಸಹಿಯೊಂದೇ ಸಾಕೆನ್ನುವುದೂ ಅಷ್ಟೇ. 2024ರ ಡಿಸೆಂಬರ್‌ನಲ್ಲಿ ಸೈಬರ್‌ಹೇವನ್ ಎಂಬ ಭದ್ರತಾ ಸಂಸ್ಥೆಯ ಸಿಬ್ಬಂದಿಯೊಬ್ಬರು ವಂಚನೆಯ ಇಮೇಲ್‌ಗೆ ಬಲಿಯಾದರು. ದುಷ್ಕರ್ಮಿಗಳು ಆ ಸಂಸ್ಥೆಯ ಕ್ರೋಮ್ ಎಕ್ಸ್‌ಟೆನ್ಷನ್‌ನ ಕಲುಷಿತ ಆವೃತ್ತಿಯನ್ನು ಅಧಿಕೃತ ಮಳಿಗೆಯ ಮೂಲಕವೇ ಹಂಚಿದರು. ಮುದ್ರೆ ಸರಿಯಾಗಿತ್ತು, ಒಳಗಿನ ಬರಹ ಕೆಟ್ಟಿತ್ತು.

ಮುದ್ರೆಯಿದ್ದ ಮಾತ್ರಕ್ಕೆ ಶಾಸನತಜ್ಞರು ತಾಮ್ರಪಟವನ್ನು ನಂಬುವುದಿಲ್ಲ. ಲಿಪಿ, ಭಾಷೆ, ತಿಥಿಗಳನ್ನು ಒರೆಗೆ ಹಚ್ಚಿಯೇ ಕೂಟಶಾಸನಗಳನ್ನು ಗುರುತಿಸುತ್ತಾರೆ. ಎಕ್ಸ್‌ಟೆನ್ಷನ್ ಅಳವಡಿಸುವ ವಿದ್ಯಾರ್ಥಿಯೂ ಅದರ ಕರ್ತೃ ಯಾರು, ಅದು ಯಾವ ಅನುಮತಿಗಳನ್ನು ಕೇಳುತ್ತಿದೆ, ತನ್ನ ಕೆಲಸಕ್ಕೆ ಅವೆಲ್ಲ ಅಗತ್ಯವೆ ಎಂದು ಓದಿ ನೋಡಬೇಕು. ಮುದ್ರೆಯನ್ನು ಹಿಡಿದ ಸಂಸ್ಥೆಗಳೂ ತಮ್ಮ ಮರೆವಿನ ದಂಡವನ್ನು ಬಳಕೆದಾರ ತೆರುವಂಥ ನಿಯಮವನ್ನು ತಿದ್ದಿಕೊಳ್ಳಬೇಕು.