ಸಾಲ ಕನ್ನಡಿಗರ ತಲೆಗೆ, ಸಭೆ ಮಾತ್ರ ಇಂಗ್ಲಿಷಿಗೆ!



ಇಂಗ್ಲಿಷ್ ಪತ್ರಿಕೆಗಳ ಒಳಪುಟದ ಮೂಲೆಯಲ್ಲಿ, ಟೆಂಡರುಗಳ ಸಂದಿಯಲ್ಲಿ, ಆಗಾಗ ಒಂದು ಜಾಹೀರಾತು ಬರುತ್ತದೆ. ನೀವು ಅದನ್ನು ಓದಿರಲಾರಿರಿ. ಓದಿದರೂ ನಮಗಲ್ಲ ಎಂದು ಪುಟ ಮಗುಚಿರುತ್ತೀರಿ. ಸಾರಾಂಶ ಇಷ್ಟು: ನೆರವಿನ ಹಣದಿಂದ ನಡೆಯುವ ಯೋಜನೆಯೊಂದಕ್ಕೆ ಕಳೆದ ವರ್ಷದ ಕೆಲಸದ ಪರಾಮರ್ಶೆ ಮಾಡಿಸಿ, ಮುಂದಿನ ವರ್ಷದ ಕಾರ್ಯಯೋಜನೆ ತಯಾರಿಸಿಕೊಡಲು ಒಬ್ಬ ಕನ್ಸಲ್ಟೆಂಟ್ ಬೇಕಾಗಿದ್ದಾರೆ. ಸ್ನಾತಕೋತ್ತರ ಪದವಿ ಇರಬೇಕು. ಇಷ್ಟು ವರ್ಷದ ಅನುಭವ ಇರಬೇಕು. ಇಂಗ್ಲಿಷಿನಲ್ಲಿ ಬರೆಯುವ, ಮಾತಾಡುವ ಅತ್ಯುತ್ತಮ ಸಾಮರ್ಥ್ಯ ಇರಲೇಬೇಕು. ಕೊನೆಗೆ, ಊಟ ಮುಗಿದ ಮೇಲೆ ಬಂದ ಉಪ್ಪಿನಕಾಯಿಯಂತೆ ಒಂದು ಸಾಲು: ಸ್ಥಳೀಯ ಭಾಷೆ ಗೊತ್ತಿದ್ದರೆ ಅಪೇಕ್ಷಣೀಯ.

ಅಪೇಕ್ಷಣೀಯವಂತೆ! ರಾಯಚೂರಿನ, ಯಾದಗಿರಿಯ ಹಳ್ಳಿಯ ಜನ ಒಂದು ವರ್ಷ ಅನುಭವಿಸಿದ ಸುಖದುಃಖವನ್ನು ಅವರ ಬಾಯಿಂದ ಕೇಳಿ ತಿಳಿಯಬೇಕಾದ ಮನುಷ್ಯನಿಗೆ ಅವರ ಮಾತು ಅರ್ಥವಾದರೆ ಒಳ್ಳೆಯದು, ಆಗದಿದ್ದರೂ ನಡೆಯುತ್ತದೆ!

ಇದೇನು ದೊಡ್ಡ ವಿಷಯ, ನಾಲ್ಕು ದಿನದ ಮೀಟಿಂಗು ತಾನೇ ಎನ್ನಬೇಡಿ. ಆ ನಾಲ್ಕು ದಿನದಲ್ಲಿ ಏನು ನಡೆಯುತ್ತದೆ ಎಂಬುದನ್ನು ಮೊದಲು ಕೇಳಿ.

ವಿಶ್ವಬ್ಯಾಂಕಾಗಲಿ, ಬೇರೆ ದೇಶದ ಸರ್ಕಾರವಾಗಲಿ ಹಣ ಕೊಟ್ಟ ಯಾವ ಕಾರ್ಯಕ್ರಮವೂ ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು. ಏನಾಯಿತು, ಏನಾಗಲಿಲ್ಲ, ಯಾಕಾಗಲಿಲ್ಲ, ಮುಂದಿನ ವರ್ಷ ಯಾವುದಕ್ಕೆಷ್ಟು ಹಣ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಅಧಿಕಾರಿಗಳು, ಸ್ವಯಂಸೇವಾ ಸಂಸ್ಥೆಯವರು, ಹಳ್ಳಿಯ ಸಮಿತಿಯವರು ಒಂದು ಹಾಲಿನಲ್ಲಿ ಸೇರುತ್ತಾರೆ. ತಮ್ಮ ಕೆಲಸವನ್ನು ತಾವೇ ಅಳೆದುಕೊಂಡರೆ ತೂಕ ತಪ್ಪುತ್ತದೆಂದು ಹೊರಗಿನ ಒಬ್ಬರನ್ನು ಸಭೆ ನಡೆಸಿಕೊಡಲು ಕರೆಸುತ್ತಾರೆ. ಅದು ಸರಿಯಾದ ಪದ್ಧತಿಯೇ, ನನ್ನ ತಕರಾರಿಲ್ಲ. ಇಂಗ್ಲಿಷಿನಲ್ಲಿ ಇವರಿಗೆ ಫೆಸಿಲಿಟೇಟರ್ ಎನ್ನುತ್ತಾರೆ. ನಮ್ಮ ಶಿಕ್ಷಕರ ತರಬೇತಿಗಳಲ್ಲಿ ಸುಗಮಕಾರರು ಎಂಬ ಮಾತು ಬಳಕೆಯಲ್ಲಿದೆ. ಕನ್ನಡಕ್ಕೆ ಪದವಿಲ್ಲ ಎಂದು ಯಾರಾದರೂ ಮೂಗು ಮುರಿದರೆ ಇದನ್ನು ಹೇಳಿ.

ಕೆಲವು ವರ್ಷಗಳ ಹಿಂದೆ ಇಂಥದ್ದೊಂದು ಸಭೆಗೆ ನಾನು ದುಭಾಷಿಯಾಗಿ ಹೋಗಿದ್ದೆ. ಕುಡಿಯುವ ನೀರಿನ ಯೋಜನೆ. ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ, ಹೋಟೆಲ್ಲಿನ ಹಾಲು. ಸಂಸ್ಥೆಯ ಹೆಸರು ಬೇಡ. ದೆಹಲಿಯಿಂದ ಬಂದಿದ್ದ ಕನ್ಸಲ್ಟೆಂಟರು ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ರಾತ್ರಿಯಿಡೀ ರೈಲಿನಲ್ಲಿ ಬಂದು ಬೆಳಿಗ್ಗೆ ಒಂಬತ್ತಕ್ಕೆಲ್ಲ ಗೋಡೆಯ ತುಂಬ ಹಾಳೆ ಅಂಟಿಸಿ ನಿಂತಿದ್ದರು. ಎಲ್ಲರಿಗೂ ಬಣ್ಣಬಣ್ಣದ ಕಾರ್ಡು ಹಂಚಿದರು. ಹಸಿರು ಕಾರ್ಡಿನಲ್ಲಿ ಆದದ್ದು, ಗುಲಾಬಿಯಲ್ಲಿ ಆಗದ್ದು, ಹಳದಿಯಲ್ಲಿ ಮುಂದೆ ಆಗಬೇಕಾದ್ದು. ಒಂದು ಕಾರ್ಡಿಗೆ ಒಂದೇ ವಿಚಾರ, ಇಂಗ್ಲಿಷಿನಲ್ಲಿ. ಮುಂದಿನ ಸಾಲಿನ ಎಂಜಿನಿಯರುಗಳು ಸರಸರ ಬರೆದರು. ಹಿಂದಿನ ಎರಡು ಸಾಲಿನಲ್ಲಿ ನೀರು ಸಮಿತಿಯ ಹೆಣ್ಣುಮಕ್ಕಳು ಕಾರ್ಡನ್ನು ಮಡಿಲಲ್ಲಿಟ್ಟುಕೊಂಡು ಫ್ಯಾನು ನೋಡುತ್ತ ಕೂತಿದ್ದರು.

ಮಧ್ಯಾಹ್ನದ ಹೊತ್ತಿಗೆ ಅವರಲ್ಲೊಬ್ಬಳು ತಡೆಯಲಾರದೆ ಎದ್ದು ನಿಂತಳು.

“ನಳದಾಗ ನೀರ್ ಬರೂದು ರಾತ್ರಿ ಎರಡಕ್ಕ್ರೀ ಸಾಹೇಬ್ರ. ಅದೂ ಎಲ್ಲಾ ಓಣಿ ಮುಗಿಸಿ ನಮ್ಮ ಕಡೀ ಓಣಿಗಿ ಬರೂದ್ರಾಗ ಕರೆಂಟ್ ಹೋಗಿರ್ತದ. ಕೊಡ ಇಟ್ಕೊಂಡು ಕುಂದರೂದು, ಹೊತ್ತು ಹೊಂಟ ಮ್ಯಾಲ ಕೂಲಿಗಿ ಹೋಗೂದು. ಹ್ವಾದ ವರ್ಷನೂ ಹೇಳೀವಿ. ಬರಕೊಂತಾರ, ಬರಕೊಂಡು ಹೋಗ್ತಾರ.”

ಹಾಲು ಒಂದು ಕ್ಷಣ ತಣ್ಣಗಾಯಿತು. ಕನ್ಸಲ್ಟೆಂಟರು ನನ್ನ ಮುಖ ನೋಡಿದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ: ನೀರು ಬಿಡುವ ಸಮಯ ಹೆಂಗಸರಿಗೆ ಅನುಕೂಲವಾಗಿಲ್ಲ, ಕೊನೆಯ ಬೀದಿಗೆ ಸರಿಯಾಗಿ ತಲುಪುತ್ತಿಲ್ಲ. ಅವರು ತಲೆಯಾಡಿಸಿ ಗುಲಾಬಿ ಕಾರ್ಡೊಂದರಲ್ಲಿ ‘ಟೈಮಿಂಗ್ ಇಶ್ಯೂ’ ಎಂದು ಬರೆದು ಗೋಡೆಗೆ ಚುಚ್ಚಿದರು. ಆಕೆ ಕೂತಳು.

ಚಹಾದ ಹೊತ್ತಿನಲ್ಲಿ ಅದೇ ತಾಲ್ಲೂಕಿನ ಗುಮಾಸ್ತರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. “ಕಡೀ ಓಣಿ ಅಂದ್ರ ಯಾರ ಓಣಿ ಅಂತ ತಿಳೀತೇನ್ರೀ ನಿಮಗ?” ಎಂದರು. ನನಗೆ ತಿಳಿದಿರಲಿಲ್ಲ. ನಾನು ಹಳೇ ಮೈಸೂರಿನವನು. ಕಡೆಯ ಬೀದಿ ಎಂದರೆ ನಕ್ಷೆಯಲ್ಲಿ ಕಡೆಗೆ ಬರುವ ಬೀದಿ ಎಂದುಕೊಂಡಿದ್ದೆ. ಅದು ದಲಿತರ ಕೇರಿ. ಪೈಪು ಎಳೆಯುವಾಗಲೇ ಅದನ್ನು ಕೊನೆಗೆ ಇಟ್ಟಿದ್ದರು, ಅಲ್ಲಿಗೆ ಬೇರೆ ವಾಲ್ವು ಕೂಡ ಇರಲಿಲ್ಲ. ಮೋಟರಿಗೆ ಬೇಕಾದ ತ್ರೀ ಫೇಸ್ ಕರೆಂಟು ಬರುತ್ತಿದ್ದುದು ರಾತ್ರಿ, ಅದೂ ಕೆಲವೇ ಗಂಟೆ. ಮೇಲಿನ ಓಣಿಗಳ ತೊಟ್ಟಿ ತುಂಬುವಷ್ಟರಲ್ಲಿ ಕರೆಂಟಿನ ಹೊತ್ತು ಮುಗಿದಿರುತ್ತಿತ್ತು. ಆಕೆ ನಾಲ್ಕು ವಾಕ್ಯದಲ್ಲಿ ಎಂಜಿನಿಯರಿಂಗು, ವಿದ್ಯುತ್ತು, ಜಾತಿ ಮೂರನ್ನೂ ಹೇಳಿ ಮುಗಿಸಿದ್ದಳು. ನಾನು ಅದನ್ನು ಗಡಿಯಾರದ ಸಮಸ್ಯೆ ಮಾಡಿದ್ದೆ!

ಓಡಿ ಹೋಗಿ ಕನ್ಸಲ್ಟೆಂಟರಿಗೆ ಹೇಳಿದೆ. ಪಾಪ, ಅವರು ಕೇಳಿಸಿಕೊಂಡರು. ಆದರೆ ಆ ಹೊತ್ತಿಗೆ ಕಾರ್ಡುಗಳನ್ನು ಗುಂಪು ಮಾಡಿಯಾಗಿತ್ತು. ‘ಟೈಮಿಂಗ್ ಇಶ್ಯೂ’ ಹೋಗಿ ‘ಬಳಕೆದಾರರ ತಿಳಿವಳಿಕೆ’ ಎಂಬ ತಲೆಬರಹದ ಕೆಳಗೆ ಕೂತಿತ್ತು. ಮುಂದಿನ ವರ್ಷದ ಯೋಜನೆಯಲ್ಲಿ ಆ ತಲೆಬರಹಕ್ಕೆ ಹಣ ಬಂತು. ಯಾವುದಕ್ಕೆ ಅಂತೀರಿ? ನೀರನ್ನು ಮಿತವಾಗಿ ಬಳಸುವುದು ಹೇಗೆಂದು ಹೆಂಗಸರಿಗೆ ತರಬೇತಿ ಕೊಡುವುದಕ್ಕೆ. ಒಂದು ವಾಲ್ವಿಗೆ ಬರಲಿಲ್ಲ.

ಈಗ ಹೇಳಿ, ನಾಲ್ಕು ದಿನದ ಮೀಟಿಂಗು ಸಣ್ಣ ವಿಷಯವೇ?

ನೆರವು ನೆರವು ಎಂದು ಕೈಮುಗಿಯುವ ಮುಂಚೆ ಇನ್ನೊಂದು ಮಾತು ತಿಳಿಯಿರಿ. ವಿಶ್ವಬ್ಯಾಂಕಿನ ಇಂಥ ಹಣದಲ್ಲಿ ಬಹುಪಾಲು ಸಾಲ. 2021ರ ಡಿಸೆಂಬರಿನಲ್ಲಿ ಜಲಾನಯನ ಅಭಿವೃದ್ಧಿಯ ‘ರಿವಾರ್ಡ್’ ಯೋಜನೆಗೆ ವಿಶ್ವಬ್ಯಾಂಕು ಒಪ್ಪಿಗೆ ಕೊಟ್ಟಿತು, ಅದರಲ್ಲಿ ಕರ್ನಾಟಕದ ಪಾಲು 6 ಕೋಟಿ ಡಾಲರ್. 2023ರ ಮಾರ್ಚಿನಲ್ಲಿ ಕರ್ನಾಟಕದ ಗ್ರಾಮೀಣ ಕುಡಿಯುವ ನೀರಿಗೆಂದು 36.3 ಕೋಟಿ ಡಾಲರ್ ಮಂಜೂರಾಯಿತು. ಇದನ್ನು ತೀರಿಸುವವರು ಯಾರು? ನೀವು, ನಾನು, ಕಡೀ ಓಣಿಯ ಆ ಹೆಣ್ಣುಮಗಳು. ಸಾಲದ ಕಂತು ಕಟ್ಟಲು ಕನ್ನಡಿಗರು ಬೇಕು. ಸಾಲದ ಹಣ ಎಲ್ಲಿ ಸೋರಿತು ಎಂದು ಹೇಳುವಾಗ ಮಾತ್ರ ಅವರ ಭಾಷೆ ‘ಅಪೇಕ್ಷಣೀಯ’!

ಬ್ಯಾಂಕಿನವರೇ ಇಂಗ್ಲಿಷ್ ಬೇಕೆನ್ನುತ್ತಾರೆ, ನಾವೇನು ಮಾಡೋಣ ಎಂದು ನಮ್ಮ ಅಧಿಕಾರಿಗಳು ಕೈಚೆಲ್ಲುತ್ತಾರೆ. ಇದು ಅರ್ಧ ಸತ್ಯ. ಕನ್ಸಲ್ಟೆಂಟರನ್ನು ಆರಿಸಲು ವಿಶ್ವಬ್ಯಾಂಕಿನದೇ ಒಂದು ಮಾದರಿ ದಾಖಲೆ ಇದೆ. ಅದರಲ್ಲಿ ಅಭ್ಯರ್ಥಿಗಳಿಗೆ ಅಂಕ ಕೊಡುವ ಕಡೆ, ಆ ಪ್ರದೇಶದ ಅನುಭವ ಮತ್ತು ಸ್ಥಳೀಯ ಭಾಷೆಯ ಬಳಕೆಗೆ ಒಂದು ಪಾಲು ಇಡಬಹುದು ಎಂದು ಸ್ಪಷ್ಟವಾಗಿ ಜಾಗ ಬಿಟ್ಟಿದ್ದಾರೆ. ಚಿಕ್ಕ ಪಾಲು, ನಿಜ. ಆದರೆ ಜಾಗ ಇದೆ. ಅಲ್ಲಿ ಎಷ್ಟು ಅಂಕ ಬರೆಯಬೇಕು, ಕೆಲಸದ ವಿವರಪಟ್ಟಿಯಲ್ಲಿ ‘ಕಡ್ಡಾಯ’ ಎಂದು ಬರೆಯಬೇಕೋ ‘ಅಪೇಕ್ಷಣೀಯ’ ಎಂದೋ ಎಂಬ ಕರಡನ್ನು ಸಿದ್ಧಮಾಡುವವರು ವಾಷಿಂಗ್ಟನ್ನಿನಲ್ಲಿಲ್ಲ. ಬೆಂಗಳೂರಿನ ಬಹುಮಹಡಿ ಕಟ್ಟಡದಲ್ಲಿ, ಕನ್ನಡ ರಾಜ್ಯೋತ್ಸವಕ್ಕೆ ಹಳದಿ ಕೆಂಪು ಶಾಲು ಹೊದ್ದು ನಿಲ್ಲುವ ನಮ್ಮವರೇ! 1963ರಿಂದ ಕನ್ನಡಕ್ಕೆ ಆಡಳಿತ ಭಾಷೆಯ ಕಾಯಿದೆ ಇದೆ. ಅದು ಇವರ ಮೇಜಿನ ಗಾಜಿನ ಕೆಳಗೆ ಮಲಗಿದೆ.

ಇನ್ನೂ ತಮಾಷೆ ಕೇಳಿ. ಯೋಜನೆಯಿಂದ ಅನ್ಯಾಯವಾದ ಜನ ದೂರು ಕೊಡಲೆಂದು ವಿಶ್ವಬ್ಯಾಂಕು 1993ರಲ್ಲಿ ತಪಾಸಣಾ ಮಂಡಳಿಯೊಂದನ್ನು ಸ್ಥಾಪಿಸಿತು. ಅದಕ್ಕೆ ಜನ ತಮ್ಮ ಭಾಷೆಯಲ್ಲೇ ದೂರು ಬರೆಯಬಹುದು. ಅಂದರೆ ಮನೆ ಮುಳುಗಿದ ಮೇಲೆ ಕನ್ನಡದಲ್ಲಿ ಅಳಬಹುದು, ಮುಳುಗುವ ಮುಂಚೆ ಸಭೆಯಲ್ಲಿ ಎಚ್ಚರಿಸಲು ಇಂಗ್ಲಿಷ್ ಕಲಿತಿರಬೇಕು.

ವರದಿ ವಿದೇಶಕ್ಕೆ ಹೋಗಬೇಕಲ್ಲ ಸ್ವಾಮಿ, ಕನ್ನಡದಲ್ಲಿ ಬರೆದರೆ ಅಲ್ಲಿ ಯಾರು ಓದುತ್ತಾರೆ? ಈ ಪ್ರಶ್ನೆಯನ್ನು ನನ್ನ ಸ್ನೇಹಿತರೂ ಕೇಳುತ್ತಾರೆ. ವರದಿಯನ್ನು ಧಾರಾಳವಾಗಿ ಇಂಗ್ಲಿಷಿಗೆ ತನ್ನಿ, ಬೇಡವೆಂದವರಾರು? ಸಭೆ ಕನ್ನಡದಲ್ಲಿ ನಡೆಯಲಿ, ಕಾರ್ಡು ಕನ್ನಡದಲ್ಲಿರಲಿ, ವರದಿಯ ಮೊದಲ ಕರಡು ಕನ್ನಡದಲ್ಲಾಗಲಿ, ಅದನ್ನು ಬಂದವರ ಮುಂದೆ ಓದಿ ‘ನೀವು ಹೇಳಿದ್ದು ಇದೇ ತಾನೇ?’ ಎಂದು ಕೇಳಲಿ. ಆಮೇಲೆ ಇಂಗ್ಲಿಷಿಗೆ ತಿರುಗಿಸಿ. ಕೂತು ಯೋಚಿಸಿ ಮಾಡಿದ ಅನುವಾದಕ್ಕೂ, ಹಾಲಿನಲ್ಲಿ ನಿಂತು ನನ್ನಂಥವನು ಮಾಡಿದ ತಪ್ಪಿಗೂ ವ್ಯತ್ಯಾಸವಿದೆ.

ಆಗದ ಮಾತಲ್ಲ ಇದು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ‘ನಲಿ-ಕಲಿ’ ಕೂಡ ಯುನಿಸೆಫ್ ನೆರವು ಪಡೆದದ್ದೇ. ಸರ್ಕಾರಿ ಶಾಲೆಯ ಮೇಷ್ಟರುಗಳು ರಿಷಿ ವ್ಯಾಲಿಗೆ ಹೋಗಿ ಅಲ್ಲಿಯ ಪದ್ಧತಿ ನೋಡಿಬಂದರು, ನೋಡಿದ್ದನ್ನು ತಮ್ಮ ಮಕ್ಕಳಿಗೆ ಒಗ್ಗುವಂತೆ ಮಾಡಿಕೊಂಡರು, ಕಲಿಕೆಯ ಕಾರ್ಡುಗಳನ್ನು ತಾವೇ ಕನ್ನಡದಲ್ಲಿ ಮಾಡಿದರು. ಅಲ್ಲಿಯೂ ಕಾರ್ಡು, ಇಲ್ಲಿಯೂ ಕಾರ್ಡು! ಆ ಕಾರ್ಡು ಮೊದಲು ಬೇರೆ ಜಿಲ್ಲೆಗಳಿಗೆ ಹೋಯಿತು, 2009-10ರ ಹೊತ್ತಿಗೆ ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹೋಯಿತು. ನಲಿ-ಕಲಿಯಲ್ಲಿ ಕೊರತೆ ಇಲ್ಲವೆಂದಲ್ಲ, ಅದರ ಬಗ್ಗೆ ಮೇಷ್ಟರುಗಳೇ ಬೇಕಾದಷ್ಟು ಜಗಳವಾಡಿದ್ದಾರೆ. ಜಗಳವಾಡಲು ಸಾಧ್ಯವಾಯಿತಲ್ಲ, ಅದೇ ನನ್ನ ಮಾತು. ತಮ್ಮ ಭಾಷೆಯಲ್ಲಿದ್ದುದರಿಂದ ಅವರಿಗೆ ತಪ್ಪು ಕಂಡಿತು.

ಇನ್ನು ನಿಮ್ಮ ವಿಷಯಕ್ಕೆ ಬರುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ಈ ಕೆಲಸ ಕನ್ನಡಿಗರಿಗೆ ಸಿಗಬೇಕು ಎಂದು ನಾವು ಘೋಷಣೆ ಕೂಗುತ್ತೇವೆ. ಸರೋಜಿನಿ ಮಹಿಷಿ ವರದಿ 1986ರಲ್ಲಿ ಬಂದಾಗಿನಿಂದ ಕೂಗುತ್ತಿದ್ದೇವೆ, ಕೂಗಲೇಬೇಕು. ಆದರೆ ಕನ್ನಡಿಗ ಎಂದರೆ ಯಾರು? ಬಸವನಗುಡಿಯಲ್ಲಿ ಹುಟ್ಟಿ, ಕಲಬುರಗಿಯ ಸಭೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡದ ಕನ್ಸಲ್ಟೆಂಟರನ್ನೂ ನಾನು ನೋಡಿದ್ದೇನೆ. ರೇಷನ್ ಕಾರ್ಡು ನೋಡಿದರೆ ಅವರು ಅಪ್ಪಟ ಕನ್ನಡಿಗರು. ಕನ್ನಡವೇ ಆಡಿದ ನಾನೂ ‘ಕಡೀ ಓಣಿ’ಯ ಮುಂದೆ ಪೆದ್ದನಾಗಿ ನಿಂತೆ. ಸಿನಿಮಾದ ಕನ್ನಡ, ಎಫ್‌ಎಂ ರೇಡಿಯೋದ ಕನ್ನಡ, ಗಾಂಧಿಬಜಾರಿನ ಕನ್ನಡ ಇಷ್ಟರಲ್ಲೇ ಬೆಳೆದ ಬೆಂಗಳೂರಿನ ಹುಡುಗ ಹುಡುಗಿಗೆ ಬೀದರಿನ ಮಾತು ಎಷ್ಟು ದಕ್ಕೀತು? ಕುಂದಾಪುರದ್ದು? ಚಾಮರಾಜನಗರದ್ದು? ನಮ್ಮದೇ ಭಾಷೆಯೊಳಗೆ ನಾವು ಪರದೇಶಿಗಳಾದರೆ ದೆಹಲಿಯವರನ್ನು ಬೈಯುವ ಬಾಯಿ ನಮಗಿರುವುದಿಲ್ಲ.

ಸಮಾಜಕಾರ್ಯ, ಅರ್ಥಶಾಸ್ತ್ರ, ಎಂಜಿನಿಯರಿಂಗು ಓದಿದವರು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ಒಂದು ಸಭೆಯನ್ನು ಕನ್ನಡದಲ್ಲಿ ನಡೆಸುವುದನ್ನು, ಹಿಂದಿನ ಸಾಲಿನವರ ಬಾಯಿ ಬಿಡಿಸುವುದನ್ನು, ಕೇಳಿದ್ದನ್ನು ಕೇಳಿದ ಹಾಗೆ ಬರೆದುಕೊಳ್ಳುವುದನ್ನು ಕಲಿಯಿರಿ. ಇದಕ್ಕೆ ಸಂಬಳ ಉಂಟು, ದಿನಕ್ಕಿಷ್ಟು ಎಂದು ಒಳ್ಳೆಯ ಸಂಬಳವೇ ಉಂಟು. ಮೊದಲು ನಿಮ್ಮ ವಾರ್ಡಿನ ಸಭೆಯಲ್ಲೋ, ಅಜ್ಜಿಯ ಊರಿನ ಗ್ರಾಮಸಭೆಯಲ್ಲೋ ಹೋಗಿ ಕೂತು ಬನ್ನಿ. ಇಂಗ್ಲಿಷನ್ನೂ ಬಿಡಬೇಡಿ, ಅವರ ದಾಖಲೆ ಓದಿ ಪ್ರಶ್ನೆ ಕೇಳಲು ಅದು ಬೇಕು.

ಅದಕ್ಕೂ ಮುಂಚೆ ಮಾಡಬಹುದಾದ ಒಂದು ಕೆಲಸ ಇದೆ. ನಿಮ್ಮ ಜಿಲ್ಲೆಯಲ್ಲಿ ಹೊರಗಿನ ಸಾಲದಿಂದ ನಡೆಯುತ್ತಿರುವ ಯಾವುದಾದರೂ ಒಂದು ಯೋಜನೆಯನ್ನು ಹಿಡಿದುಕೊಳ್ಳಿ. ಕಳೆದ ಸಾಲಿನ ಪರಾಮರ್ಶೆಗೆ ನೇಮಿಸಿದ ಕನ್ಸಲ್ಟೆಂಟರ ಕೆಲಸದ ವಿವರಪಟ್ಟಿ, ಅಂಕ ಹಂಚಿಕೆಯ ಪಟ್ಟಿ, ಮತ್ತು ವರದಿಯ ಕನ್ನಡ ಪ್ರತಿ ಕೇಳಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. 2005ರ ಆ ಕಾಯಿದೆಯ ನಾಲ್ಕನೇ ಕಲಮಿನಲ್ಲಿ, ಮಾಹಿತಿಯನ್ನು ಜನರಿಗೆ ತಲುಪಿಸುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಎಂದಿದೆ, ಅದನ್ನು ಅರ್ಜಿಯಲ್ಲೇ ನೆನಪಿಸಿ. ಕನ್ನಡ ಪ್ರತಿ ಇಲ್ಲವೆಂದರೆ ಇಲ್ಲವೆಂದು ಬರೆದುಕೊಡಲಿ, ಆ ಕಾಗದವೂ ನಮಗೆ ಬೇಕು. ಶುಲ್ಕ ಹತ್ತು ರೂಪಾಯಿ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಕನ್ನಡದಲ್ಲೇ ಬರೆಯಿರಿ. ಉತ್ತರ ಬಂದ ಕೂಡಲೇ ಒಂದು ಪ್ರತಿಯನ್ನು ಈ ಪತ್ರಿಕೆಗೆ ಕಳಿಸಿ, ಹೆಸರು ಸಮೇತ ಅಚ್ಚು ಹಾಕುತ್ತೇವೆ.