ತವರದ ಊರು ಬೆಳೆಯಿತು, ಚಿನ್ನದ ಊರು ಯಾಕೆ ಸೊರಗಿತು?

ಮೊನ್ನೆ ಬೆಳಗ್ಗೆ ಬಂಗಾರಪೇಟೆ ಸ್ಟೇಷನ್ ಎದುರು ಟೀ ಕುಡಿಯುತ್ತಾ ನಿಂತಿದ್ದೆ. ಮಾರಿಕುಪ್ಪಂ ಕಡೆಯಿಂದ ಬೆಂಗಳೂರು ರೈಲು ಬಂತು. ಕೂರಲು ಜಾಗವಿಲ್ಲ, ನಿಲ್ಲಲು ಜಾಗವಿಲ್ಲ, ಬಾಗಿಲಲ್ಲಿ ಜೋತುಬಿದ್ದವರಿಗೆ ಲೆಕ್ಕವಿಲ್ಲ. ಪಕ್ಕದಲ್ಲಿದ್ದ ರಾಬರ್ಟ್‌ಸನ್‌ಪೇಟೆಯ ಅಂಗಡಿ ಯಜಮಾನರೊಬ್ಬರು ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದರು. ಮಗ ಕೆಲಸಕ್ಕೆಂದು ಮಲೇಷ್ಯಾದ ಕೌಲಾಲಂಪುರಕ್ಕೆ ಹೋಗಿದ್ದಾನಂತೆ. ಫೋಟೋದಲ್ಲಿ ಮುಗಿಲು ಮುಟ್ಟುವ ಜೋಡಿ ಗೋಪುರ.

"ಈ ಊರೂ ನಮ್ಮದರ ಹಾಗೆ ಗಣಿಯಿಂದ ಹುಟ್ಟಿದ್ದಂತೆ ಸಾರ್. ಅವರು ತೆಗೆದಿದ್ದು ತವರ, ನಮ್ಮೋರು ತೆಗೆದಿದ್ದು ಚಿನ್ನ. ಪಾತ್ರೆಗೆ ಕಲಾಯಿ ಹಾಕೋ ತವರದಲ್ಲೇ ಅವರು ಇಷ್ಟು ಮಾಡ್ಕೊಂಡ್ರೆ, ಚಿನ್ನ ಇಟ್ಕೊಂಡು ನಾವೇನು ಮಾಡಿದ್ವಿ?" ಅಂದರು.

ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಆಗ ಉತ್ತರ ಹೊಳೆಯಲಿಲ್ಲ. ಆಮೇಲೆ ಓದಿ, ನಾಲ್ಕು ಜನರನ್ನು ಕೇಳಿ ತಿಳಿದುಕೊಂಡಿದ್ದನ್ನು ಓದುಗರ ಮುಂದೆ ಇಡುತ್ತಿದ್ದೇನೆ.

ಕೆಸರಲ್ಲಿ ಹುಟ್ಟಿದ ಊರು

ಕೌಲಾಲಂಪುರ ಅಂದರೆ ಮಲಯ ಭಾಷೆಯಲ್ಲಿ ಕೆಸರಿನ ಸಂಗಮ ಎಂದರ್ಥ. ಕ್ಲಾಂಗ್ ಮತ್ತು ಗೊಂಬಾಕ್ ಎಂಬ ಎರಡು ನದಿ ಅಲ್ಲಿ ಸೇರುತ್ತವೆ. 1857ರಲ್ಲಿ 87 ಮಂದಿ ಚೀನೀಯರು ತವರ ಹುಡುಕಿಕೊಂಡು ಕ್ಲಾಂಗ್ ನದಿಯಲ್ಲಿ ಬಂದರು. ಕಾಡುಜ್ವರಕ್ಕೆ ಸಿಕ್ಕಿ ಬಹುಪಾಲು ಜನ ತಿಂಗಳೊಪ್ಪತ್ತಿನಲ್ಲೇ ಸತ್ತರು. ಆದರೂ ಜನ ಬರುವುದು ನಿಲ್ಲಲಿಲ್ಲ. 1880ರಲ್ಲಿ ಆ ಊರು ಸೆಲಾಂಗೋರ್ ಸೀಮೆಯ ರಾಜಧಾನಿಯಾಯಿತು. ಅದೇ 1880ರಲ್ಲಿ ಜಾನ್ ಟೇಲರ್ ಕಂಪನಿ ನಮ್ಮ ಗಣಿಗೆ ಕಾಲಿಟ್ಟಿತು. ಅಂದರೆ ಎರಡೂ ಊರು ಹೆಚ್ಚುಕಡಿಮೆ ಒಂದೇ ವಾರಿಗೆಯವು.

1881ರಲ್ಲಿ ಅಲ್ಲಿ ಮೊದಲು ಬೆಂಕಿ ಬಿತ್ತು, ಅದೇ ವರ್ಷ ಪ್ರವಾಹವೂ ಬಂತು. ಜೋಪಡಿ ಸಾಕು, ಇಟ್ಟಿಗೆಯಲ್ಲೇ ಕಟ್ಟಿ ಎಂದು ಆಡಳಿತ ಹಟ ಹಿಡಿಯಿತು. ಇಟ್ಟಿಗೆ ಸುಟ್ಟ ಜಾಗಕ್ಕೆ ಇಂದಿಗೂ ಬ್ರಿಕ್‌ಫೀಲ್ಡ್ಸ್ ಎಂದೇ ಹೆಸರು. ಅಲ್ಲಿ ರೈಲ್ವೆ ಕೆಲಸಕ್ಕೆ ಹೋದ ತಮಿಳರು ನೆಲೆ ನಿಂತರು. ಈಗಲೂ ಅಲ್ಲಿ ಹೂವಿನ ಅಂಗಡಿ, ಇಡ್ಲಿ ಹೋಟೆಲು ಉಂಟು. ನಗರದಾಚೆಯ ಬಾಟು ಗುಹೆಯ ಮುಂದೆ 42 ಮೀಟರಿಗೂ ಎತ್ತರದ ಮುರುಗನ ವಿಗ್ರಹವಿದೆ. ನಮ್ಮ ಆಂಡರ್ಸನ್‌ಪೇಟೆಯವರು ಹೋದರೆ ಪರಊರು ಅನ್ನಿಸಲಿಕ್ಕಿಲ್ಲ.

ಒಂದು ಕಾಲಕ್ಕೆ ನಾವೇನೂ ಕಡಿಮೆ ಇರಲಿಲ್ಲ ಸ್ವಾಮಿ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ 1894ರಲ್ಲೇ ರೈಲು ಬಂತು. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಬಂದದ್ದು ಕೆಜಿಎಫ್‌ಗೆ. ಬೆಂಗಳೂರಿನ ಬೀದಿಗೆ ದೀಪ ಬರಲು 1905ರವರೆಗೆ ಕಾಯಬೇಕಾಯಿತು. ಇವತ್ತು ಯಾರು ಯಾರ ಊರಿನ ರೈಲಿಗೆ ಓಡುತ್ತಿದ್ದಾರೆ ನೋಡಿ!

ಒಂದು ಕಾಲು, ನಾಲ್ಕು ಕಾಲು

1985ರಲ್ಲಿ ಜಗತ್ತಿನ ಪೇಟೆಯಲ್ಲಿ ತವರದ ಬೆಲೆ ಪಾತಾಳಕ್ಕೆ ಬಿತ್ತು. ಮಲೇಷ್ಯಾದ ಗಣಿಗಳು ಸಾಲುಸಾಲಾಗಿ ಮುಚ್ಚಿದವು. ಕೌಲಾಲಂಪುರ ಮಾತ್ರ ಬೀಳಲಿಲ್ಲ. ಅಷ್ಟು ಹೊತ್ತಿಗೆ ಅದಕ್ಕೆ ರಬ್ಬರ್ ವ್ಯಾಪಾರ, ಸರ್ಕಾರಿ ಕಚೇರಿ, ಬ್ಯಾಂಕು, ಕಾರ್ಖಾನೆ ಅಂತ ನಾಲ್ಕು ಕಾಲು ಬಂದಿದ್ದವು. 1990ರ ದಶಕದಲ್ಲಿ 452 ಮೀಟರಿನ ಆ ಜೋಡಿ ಗೋಪುರ ಎದ್ದಿತು, ನಗರ ರೈಲು ಓಡಿತು. 2007ರಲ್ಲಿ ಒಂದು ವಿಚಿತ್ರ ಸುರಂಗ ತೆರೆದರು. ಮಾಮೂಲು ದಿನ ಅದರೊಳಗೆ ಕಾರು ಓಡುತ್ತವೆ, ಭಾರಿ ಮಳೆ ಬಂದರೆ ಕಾರು ನಿಲ್ಲಿಸಿ ಪ್ರವಾಹದ ನೀರು ಬಿಡುತ್ತಾರೆ. ತವರ ಬಗೆದ ಹಳ್ಳಗಳಲ್ಲಿ ನೀರು ನಿಲ್ಲಿಸಿ ಕೆರೆ ಮಾಡಿ, ಸುತ್ತ ಪಾರ್ಕು ಮಾಡಿದರು. ಹಾಳುಬಿದ್ದ ಇನ್ನೊಂದು ಗಣಿ ಜಾಗದಲ್ಲಿ ಸನ್‌ವೇ ಎಂಬ ಉಪನಗರವೇ ಎದ್ದಿದೆ. ಜಲಕ್ರೀಡೆಯ ಪಾರ್ಕು, ಆಸ್ಪತ್ರೆ, ವಿಶ್ವವಿದ್ಯಾಲಯ ಎಲ್ಲವೂ ಅಲ್ಲಿವೆ.

ನಮ್ಮದು? 120 ವರ್ಷದಲ್ಲಿ ಸುಮಾರು 800 ಟನ್ ಚಿನ್ನ ತೆಗೆದೆವು. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳ ಇಳಿದೆವು. ಮೊದಲು ಲಂಡನ್‌ನವರು, 1956ರಿಂದ ಮೈಸೂರು ಸರ್ಕಾರ, 1962ರಿಂದ ಕೇಂದ್ರ ಸರ್ಕಾರ. ಯಜಮಾನರು ಬದಲಾದರೇ ಹೊರತು, ಗಣಿ ನಿಂತ ಮೇಲೆ ಊಟಕ್ಕೇನು ಅಂತ ಸಕಾಲಕ್ಕೆ ಯಾರೂ ಯೋಚಿಸಲಿಲ್ಲ. ಬೆಮೆಲ್ ಕಾರ್ಖಾನೆ ಬಂತು, ನಿಜ. ಇಡೀ ಊರಿನ ಭಾರ ಅದೊಂದೇ ಹೊರಲಿಕ್ಕಾಗುತ್ತದೆಯೇ? 2001ರ ಫೆಬ್ರವರಿ 28ರಂದು ಗಣಿಗೆ ಬೀಗ ಬಿತ್ತು. ಸಂಬಳದ ದಿನದ ವ್ಯಾಪಾರ ಹೇಗಿತ್ತು ಅಂತ ಪೇಟೆಯ ಹಳಬರನ್ನು ಕೇಳಿ, ಕಣ್ಣಲ್ಲಿ ನೀರು ತಂದುಕೊಳ್ತಾರೆ. ಈಗ ಸಂಬಳ ಬೆಂಗಳೂರಿನದು, ಅರ್ಧ ಸಾಮಾನೂ ಅಲ್ಲಿಂದಲೇ ಚೀಲದಲ್ಲಿ ಬರುತ್ತೆ. ಬಂಗಾರಪೇಟೆ ಪಾನಿಪುರಿ ಕೂಡ ಬೆಂಗಳೂರಲ್ಲಿ ಬೋರ್ಡು ಹಾಕ್ಕೊಂಡು ಕೂತಿದೆ. ಊರಿನ ಹೆಸರಿಗೂ ದುಡಿಮೆ ಬೇಕಾದ್ರೆ ರೈಲು ಹತ್ತಬೇಕು!

ನ್ಯಾಯವಾಗಿ ಒಂದು ಮಾತು ಒಪ್ಪಬೇಕು. ಕೌಲಾಲಂಪುರ ಒಂದು ದೇಶದ ರಾಜಧಾನಿ, ಖಜಾನೆ ಕೈಯಲ್ಲೇ ಇತ್ತು. ನಮ್ಮನ್ನು ಅದರ ಜೊತೆ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಗೋಪುರ ನಮಗೆ ಬೇಡವೂ ಬೇಡ. ಆದರೆ ಹಾಳು ಗಣಿ ಜಾಗವೂ ಊರಿಗೆ ಅನ್ನ ಕೊಡಬಲ್ಲದು ಅನ್ನೋದನ್ನು ಅಲ್ಲಿಂದ ಕಲಿಯಬಹುದಲ್ಲ?

ಯಾರಿಗೆ ಆ ಜಾಗ?

ಕೌಲಾಲಂಪುರದ ವಿಸ್ತಾರ 243 ಚದರ ಕಿಲೋಮೀಟರ್. ನಮ್ಮ ಗಣಿ ಕಂಪನಿಯ ಜಮೀನು ಸುಮಾರು 12 ಸಾವಿರ ಎಕರೆ. ಲೆಕ್ಕ ಹಾಕಿದೆ, ಅವರ ಇಡೀ ನಗರದ ಐದನೇ ಒಂದು ಪಾಲು! ಇದರಲ್ಲಿ 13 ಸೈನೈಡ್ ದಿಬ್ಬಗಳೇ ಸಾವಿರ ಎಕರೆಯಷ್ಟಿವೆ. ಆ ಮಣ್ಣಿನಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಸಂತೋಷ. ಆದರೆ ಕೆಲಸ ಯಾರಿಗೆ, ಲಾಭ ಯಾರಿಗೆ? ಗಾಳಿ ತಿಂಗಳಲ್ಲಿ ದಿಬ್ಬದ ಧೂಳು ನುಂಗುವವರು ನಾವು, ಚಿನ್ನ ನೋಡುವವರು ಬೇರೆಯವರು ಅಂತಾದರೆ ಹಳೇ ಕಥೆಯೇ ಮತ್ತೆ.

ಕೌಲಾಲಂಪುರದ ಕಥೆಯಲ್ಲಿ ಫೋಟೋಕ್ಕೆ ಬೀಳದ ಒಂದು ಭಾಗವೂ ಇದೆ. ಊರು ಬೆಳೆದಾಗ ಸುತ್ತಲಿನ ರಬ್ಬರ್ ತೋಟಗಳು ಬಡಾವಣೆಯಾದವು. ತಲೆಮಾರುಗಳಿಂದ ತೋಟದ ಲೈನ್ ಮನೆಯಲ್ಲಿದ್ದ ತಮಿಳು ಕೂಲಿಗಳಿಗೆ ಕೆಲಸವೂ ಹೋಯಿತು, ಮನೆಯೂ ಹೋಯಿತು. ಮನೆ ಕಂಪನಿಯದು, ಬೆವರು ಮಾತ್ರ ಇವರದು. ನಮ್ಮ ಗಣಿ ಲೈನುಗಳಲ್ಲಿರುವವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ. ಜಮೀನನ್ನು ಯಾವ ಯೋಜನೆಗೆ ಕೊಡುವ ಮುಂಚೆಯೂ, ಲೈನ್ ಮನೆಯಲ್ಲಿರುವ ಕಾರ್ಮಿಕ ಕುಟುಂಬಗಳಿಗೆ ಆ ಮನೆಯ ಹಕ್ಕುಪತ್ರ ಕೈಗೆ ಬರಲಿ. ದಿಬ್ಬಕ್ಕೆ ಯಂತ್ರ ಬರುವ ಮುಂಚೆ ಧೂಳಿಗೊಂದು ವ್ಯವಸ್ಥೆಯಾಗಲಿ. ಕೆಲಸದಲ್ಲಿ ಮೊದಲ ಸರದಿ ಊರಿನ ಮಕ್ಕಳದಾಗಲಿ. ಮಿಕ್ಕ ಜಾಗದಲ್ಲಿ ಒಂದೇ ಕಾರ್ಖಾನೆಯನ್ನು ನಂಬಿ ಕೂರದೆ ಸಣ್ಣ ಉದ್ಯಮ, ತರಬೇತಿ ಶಾಲೆ, ಗಣಿ ನೋಡಲು ಬರುವವರಿಗೆ ಒಂದು ಮ್ಯೂಸಿಯಂ ಬರಲಿ. 2018ರಲ್ಲಿ ಸಿನಿಮಾದವರು ಕೆಜಿಎಫ್ ಅಂತ ಹೆಸರಿಟ್ಟು ದೇಶವೆಲ್ಲ ದುಡ್ಡು ಬಾಚಿದರು. ಆ ಹೆಸರಿನ ಬೆಲೆ ನಮಗೇ ಗೊತ್ತಿಲ್ಲವಲ್ಲ!

ಇದನ್ನು ಕೇಳಬೇಕಾದವರು ನಾವೇ. ಅಂಗಡಿ ಕಟ್ಟೆಯಲ್ಲಿ ಕೂತವರು, ಬಸ್ಸಿಗೆ ಕಾದವರು, ರೈಲಿನ ಬಾಗಿಲಲ್ಲಿ ನೇತಾಡುವವರು. ಓಟು ಕೇಳಲು ಬಂದವರ ಮುಂದೆ ಈ ಪಟ್ಟಿ ಇಡಿ, ತಾರೀಖು ಕೇಳಿ.

ಆ ಯಜಮಾನರಿಗೆ ಅವತ್ತು ಕೊಡದ ಉತ್ತರ ಈಗ ಕೊಡುತ್ತೇನೆ. ತವರದಿಂದ ಅವರು ಊರು ಕಟ್ಟಿದರು ಯಜಮಾನ್ರೇ. ಚಿನ್ನ ತೆಗೆದು ನಾವು ಬೇರೆಯವರ ಊರು ಕಟ್ಟಿಕೊಟ್ಟೆವು. ಮಣ್ಣು ಇನ್ನೂ ನಮ್ಮ ಹತ್ತಿರ ಇದೆ. ಅದನ್ನಾದರೂ ಕೇಳಿ ಉಳಿಸಿಕೊಳ್ಳೋಣ.