ಸ್ವಿಚ್ಚಿನ ಜಾಗ ಬದಲಿಸುವ ಮೊದಲು



ನಮ್ಮ ಲೈನ್ ಮನೆಗಳಲ್ಲಿ ಸ್ವಿಚ್ಚು ಇರಬೇಕಾದ ಕಡೆ ಇರುವುದು ಅಪರೂಪ. ಒಂದೇ ಕೋಣೆಗೆ ತಟ್ಟಿ ಕಟ್ಟಿ ಎರಡು ಮಾಡಿಕೊಂಡಿರುತ್ತೇವೆ. ದೀಪ ಈಚೆ ಉಳಿದರೆ ಸ್ವಿಚ್ಚು ಆಚೆ. ಬೆಳಗಿನ ಜಾವ ಎದ್ದು ಒಲೆ ಹಚ್ಚುವ ತಾಯಿ, ಮಲಗಿರುವ ಮಕ್ಕಳನ್ನು ದಾಟಿ ಕತ್ತಲಲ್ಲಿ ಗೋಡೆ ತಡವಬೇಕು. ಸ್ವಿಚ್ಚನ್ನು ಬಾಗಿಲ ಬಳಿಗೆ ತರಬೇಕೆಂಬ ಆಸೆ ನ್ಯಾಯವಾದದ್ದೇ. ಭಾನುವಾರ ಮಧ್ಯಾಹ್ನ ನೆರೆಮನೆಯ ಹುಡುಗನನ್ನು ಕರೆದು, ಎರಡು ಗಜ ವೈರು ತಂದು, ಟೇಪು ಸುತ್ತಿ ಮುಗಿಸಿಬಿಡುತ್ತೇವಲ್ಲಾ, ಅದರ ಬಗ್ಗೆಯೇ ನಮ್ಮ ಮಾತು.

ಕಾನೂನು ಇಲ್ಲಿ ಒಂದು ಗೆರೆ ಎಳೆದಿದೆ. ಬಲ್ಬು, ಫ್ಯೂಸು, ಸ್ವಿಚ್ಚು ಕೆಟ್ಟರೆ ಅದೇ ಜಾಗದಲ್ಲಿ ಅಂಥದ್ದೇ ಇನ್ನೊಂದನ್ನು ಹಾಕಲು ಲೈಸೆನ್ಸು ಬೇಡ. ಆದರೆ ವೈರಿಂಗನ್ನು ಮುಂದುವರಿಸುವುದು, ಬದಲಿಸುವುದು ಬೇರೆ ಮಾತು. ಅದು ಲೈಸೆನ್ಸು ಪಡೆದ ಗುತ್ತಿಗೆದಾರರ ಮೂಲಕ, ಪರ್ಮಿಟ್ ಇರುವ ವೈರ್‌ಮನ್ ಕೈಯಿಂದ ಆಗಬೇಕು. 1956ರ ಭಾರತೀಯ ವಿದ್ಯುತ್ ನಿಯಮಗಳು ಹೀಗೆ ಹೇಳಿದವು. ಅನಂತರ 2010ರಲ್ಲಿಯೂ 2023ರಲ್ಲಿಯೂ ಬಂದ ಕೇಂದ್ರದ ಸುರಕ್ಷತಾ ನಿಯಮಗಳಲ್ಲಿಯೂ ಆ ಗೆರೆ ಅಳಿಯಲಿಲ್ಲ. ಸ್ವಿಚ್ಚನ್ನು ನಾಲ್ಕು ಅಡಿ ಸರಿಸುವುದು ಗೆರೆಯ ಆಚೆಗಿನ ಕೆಲಸ.

ಇಷ್ಟು ಚಿಕ್ಕ ಕೆಲಸಕ್ಕೆ ಇಷ್ಟು ಕಟ್ಟುನಿಟ್ಟು ಏಕೆಂದು ಕೇಳುವವರಿದ್ದಾರೆ. ಮನೆಗೆ ಬರುವ 230 ವೋಲ್ಟಿನ ಎರಡು ತಂತಿಗಳಲ್ಲಿ ಒಂದು ಫೇಸ್, ಇನ್ನೊಂದು ನ್ಯೂಟ್ರಲ್. ಸ್ವಿಚ್ಚು ಫೇಸನ್ನೇ ತಡೆಯಬೇಕು. ಅರಿಯದೆ ನ್ಯೂಟ್ರಲಿಗೆ ಸ್ವಿಚ್ಚು ಕೂಡಿಸಿದರೂ ದೀಪ ಸರಿಯಾಗಿಯೇ ಹತ್ತುತ್ತದೆ, ಸರಿಯಾಗಿಯೇ ಆರುತ್ತದೆ. ಕೇಡು ಇರುವುದು ಅಲ್ಲೇ. ದೀಪ ಆರಿದ್ದರೂ ಹೋಲ್ಡರಿನಲ್ಲಿ ಕರೆಂಟು ಕಾದು ಕುಳಿತಿರುತ್ತದೆ. ಆರು ತಿಂಗಳ ಮೇಲೆ ಯಾರೋ ಸ್ವಿಚ್ಚು ಆರಿಸಿ, ಸ್ಟೂಲು ಹತ್ತಿ, ಬಲ್ಬು ಬದಲಿಸಲು ಕೈಯಿಡುತ್ತಾರೆ.

ಫ್ಯೂಸು ಇದೆಯಲ್ಲಾ ಎಂಬ ಧೈರ್ಯವೂ ಬೇಡ. ದೀಪದ ಫ್ಯೂಸು ಸಾಮಾನ್ಯವಾಗಿ 5 ಆಂಪಿಯರಿನದು. 9 ವ್ಯಾಟಿನ ಪುಟ್ಟ ಎಲ್‌ಇಡಿ ಬಲ್ಬು ಎಳೆಯುವಷ್ಟು ಕರೆಂಟು, ಅಂದರೆ ಒಂದು ಆಂಪಿಯರಿನ ಇಪ್ಪತ್ತೈದನೆಯ ಒಂದು ಪಾಲಿನಷ್ಟು, ಎದೆಯ ಮೂಲಕ ಹರಿದರೆ ಹೃದಯದ ಬಡಿತ ತಪ್ಪಬಹುದು. ಅಷ್ಟಕ್ಕೆ ಫ್ಯೂಸು ಬಿಸಿಯೂ ಆಗದು. ಫ್ಯೂಸು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯಲು 30 ಮಿಲಿ ಆಂಪಿಯರಿಗೆ ಕಡಿಯುವ ಬೇರೆ ಸಾಧನ ಉಂಟು. ಅದನ್ನು ಹಾಕಿರುವ ಲೈನುಗಳು ಎಷ್ಟಿವೆ ಎಂದು ನೀವೇ ಎಣಿಸಿ ನೋಡಿ.

ನಮ್ಮ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜೂನ್ ತಿಂಗಳು ಬಂತೆಂದರೆ ವೈತಿರಿ, ಗೂಡಲೂರು ಕಡೆಯ ಗೋಡೆಗಳು ಬೆವರುತ್ತವೆ. ತಂತಿಗೆ ತಂತಿ ತಿರುಚಿ ಟೇಪು ಸುತ್ತಿ ಗಾರೆಯೊಳಗೆ ಹೂತ ಜೋಡಣೆ ಬೇಸಿಗೆಯಲ್ಲಿ ಸುಮ್ಮನಿದ್ದು, ಮಳೆಯಲ್ಲಿ ಗೋಡೆಗೆಲ್ಲ ಕರೆಂಟು ಹಂಚೀತು. ಜೋಡಣೆ ಏನಿದ್ದರೂ ತೆರೆದು ನೋಡಬಹುದಾದ ಪೆಟ್ಟಿಗೆಯೊಳಗೆ ಇರಬೇಕು. ಹೊಸ ತಂತಿ ಪೈಪಿನೊಳಗೆ, ಸ್ವಿಚ್ಚಿನಿಂದ ನೇರ ಮೇಲಕ್ಕೋ ನೇರ ಪಕ್ಕಕ್ಕೋ ಹೋಗಲಿ. ಓರೆಯಾಗಿ ಎಳೆದರೆ ತಂತಿ ಕಡಿಮೆ ಸಾಕು ನಿಜ. ಆದರೆ ಕ್ಯಾಲೆಂಡರಿಗೆ ಮೊಳೆ ಹೊಡೆಯುವವರಿಗೆ ಅದು ಎಲ್ಲಿದೆಯೆಂದು ಗೊತ್ತಾಗುವ ಬಗೆ ಹೇಗೆ? ಮೀಯುವ ಜಾಗದಲ್ಲಿ ಒದ್ದೆ ಕೈಗೆ ಎಟಕುವಂತೆ ಸ್ವಿಚ್ಚು ಬೇಡವೇ ಬೇಡ.

ವೈರ್‌ಮನ್ ಬಂದ ದಿನ ಮನೆಯವರಿಗೂ ಕೆಲಸವಿದೆ. ಕೆಲವು ಲೈನುಗಳಲ್ಲಿ ನಾಲ್ಕೈದು ಮನೆಗೆ ಒಂದೇ ಮೇನ್. ಅದನ್ನು ಆರಿಸಿ, ಫ್ಯೂಸು ಕಿತ್ತು ಅವರ ಜೇಬಿಗೇ ಕೊಟ್ಟು, ಮೇನಿನ ಮುಂದೆ ಒಬ್ಬ ದೊಡ್ಡವರು ನಿಲ್ಲಬೇಕು. ಕರೆಂಟು ಹೋಯಿತೆಂದು ಕೊನೆ ಮನೆಯವರು ಬಂದು ಹಾಕಿಬಿಟ್ಟರೆ ಗತಿಯೇನು? ಟೆಸ್ಟರನ್ನು ಮೊದಲು ಕರೆಂಟಿರುವ ಕಡೆ ಇಟ್ಟು, ಅದು ಹತ್ತುವುದನ್ನು ಕಂಡ ಮೇಲೆಯೇ ನಂಬಬೇಕು. ಕೆಟ್ಟ ಟೆಸ್ಟರೂ ಕರೆಂಟಿಲ್ಲವೆಂದೇ ಹೇಳುತ್ತದೆ.

ಇನ್ನು ಖರ್ಚು. ಮನೆ ತೋಟದ್ದು, ವೈರಿಂಗೂ ತೋಟದ್ದು. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯು ಮನೆ ಕೊಟ್ಟು ಸುಸ್ಥಿತಿಯಲ್ಲಿಡುವ ಭಾರವನ್ನು ಮಾಲೀಕರ ಮೇಲೆ ಹಾಕಿತು. ಕೆಲಸದ ಸುರಕ್ಷತೆಯ 2020ರ ಸಂಹಿತೆಯೂ ವಸತಿಯ ಹೊಣೆಯನ್ನು ಅವರಿಗೇ ಹೊರಿಸಿದೆ. ಆಫೀಸಿಗೆ ಹತ್ತು ಸಲ ಅಲೆದರೂ ವೈರ್‌ಮನ್ ಬಾರದಿದ್ದಾಗಲೇ ನಮ್ಮವರು ಸ್ವತಃ ಸ್ಕ್ರೂ ಡ್ರೈವರ್ ಹಿಡಿಯುವುದು. ಅವಘಡವಾದ ಮೇಲೆ ‘ಯಾರು ಮುಟ್ಟಲು ಹೇಳಿದರು?’ ಎಂದು ಕೇಳುವವರು, ಮೊದಲೇ ಕೇಳಿಕೊಂಡಾಗ ಏಕೆ ಕಳುಹಿಸಲಿಲ್ಲವೆಂಬುದಕ್ಕೂ ಉತ್ತರ ಕೊಡಬೇಕು.

ಆದುದರಿಂದ ಬಾಯಿಮಾತು ಬಿಟ್ಟು ಬರೆದು ಕೊಡಿ. ಮನೆ ನಂಬರು, ಸ್ವಿಚ್ಚು ಈಗಿರುವ ಜಾಗ, ಬೇಕಾದ ಜಾಗ, ಗೋಡೆ ಒದ್ದೆಯಾಗುವುದಿದ್ದರೆ ಅದು, ಮುಟ್ಟಿದಾಗ ಜುಮ್ಮೆಂದಿದ್ದರೆ ಯಾವ ದಿನ ಎಂಬುದು, ಇಷ್ಟು ಸಾಕು. ಗೋಡೆಯೇ ಜುಮ್ಮೆನ್ನುತ್ತಿದ್ದರೆ ಉತ್ತರಕ್ಕೆ ಕಾಯದೆ ಅಂದೇ ಮೇನ್ ಆರಿಸಿ. ಕಾಗದಕ್ಕೆ ಎರಡು ಪ್ರತಿ ಮಾಡಿ, ಒಂದರ ಮೇಲೆ ಆಫೀಸಿನ ಸಹಿಯನ್ನೂ ತಾರೀಕನ್ನೂ ಹಾಕಿಸಿಕೊಂಡು ರೇಷನ್ ಕಾರ್ಡಿನ ಜೊತೆಗೆ ಇಟ್ಟುಕೊಳ್ಳಿ. ಬರೆಯಲು ಬಾರದವರಿಗೆ ಲೈನಿನ ಶಾಲೆ ಕಲಿತ ಮಕ್ಕಳು ಬರೆದುಕೊಡಲಿ.